ಫಲದ ಜೊತೆಗೆ ವೆಚ್ಚವನ್ನೂ ಕೇಳಿದಾಗ: ವ್ಯವಸ್ಥಿತ ವಿಮರ್ಶೆಯಲ್ಲಿ ನನ್ನ ಅನುಭವ

ವಯಸ್ಸಾದವರು ಬೀಳುವುದನ್ನು ತಡೆಯುವ ವ್ಯಾಯಾಮ ಕಾರ್ಯಕ್ರಮಗಳ ಕುರಿತು ನಮ್ಮ ತಂಡ ಸಿದ್ಧಪಡಿಸಿದ ಮೊದಲ ವ್ಯವಸ್ಥಿತ ವಿಮರ್ಶೆಯಲ್ಲಿ (ಒಂದು ಪ್ರಶ್ನೆಯ ಕುರಿತ ಎಲ್ಲ ಅಧ್ಯಯನಗಳನ್ನು ಕ್ರಮಬದ್ಧವಾಗಿ ಹುಡುಕಿ, ಒರೆಗೆ ಹಚ್ಚಿ, ಒಟ್ಟುಗೂಡಿಸುವ ಬರಹದಲ್ಲಿ) ವೆಚ್ಚದ ಬಗ್ಗೆ ಇದ್ದದ್ದು ಒಂದೇ ಒಂದು ಪ್ಯಾರಾ, ಅದೂ ಚರ್ಚೆಯ ಭಾಗದ ಕೊನೆಯಲ್ಲಿ. ಆಯ್ಕೆಯಾದ ಟ್ರಯಲ್‌ಗಳ, ಅಂದರೆ ಜನರನ್ನು ಯಾದೃಚ್ಛಿಕವಾಗಿ ಗುಂಪುಗಳಿಗೆ ಹಂಚಿ ನಡೆಸಿದ ಪ್ರಯೋಗಗಳ, ವರದಿಗಳಲ್ಲಿ 'ಈ ಕಾರ್ಯಕ್ರಮ ವೆಚ್ಚಕ್ಕೆ ತಕ್ಕ ಫಲ ನೀಡುತ್ತದೆ' ಎಂಬ ಅರ್ಥದ ಮಾತು ಎಲ್ಲೆಲ್ಲಿ ಸಿಕ್ಕಿತೋ ಅದನ್ನೆಲ್ಲ ಹೆಕ್ಕಿ ಅಲ್ಲಿ ಜೋಡಿಸಿದ್ದೆವು. ವಿಮರ್ಶೆಯನ್ನು ಓದಿ ಒಂದು ಸಭೆಗೆ ಬಂದಿದ್ದ ಆಡಳಿತಾಧಿಕಾರಿಯೊಬ್ಬರು, ಒಬ್ಬ ವ್ಯಕ್ತಿಗೆ ಫಿಸಿಯೋಥೆರಪಿಸ್ಟ್ ಎಷ್ಟು ಗಂಟೆ ಕೊಡಬೇಕಾಗುತ್ತದೆ, ಆ ಗಂಟೆಗಳ ಖರ್ಚು ಯಾರ ಬಜೆಟ್ಟಿನಿಂದ ಹೋಗುತ್ತದೆ, ಉಳಿತಾಯವಾಗುತ್ತದೆ ಎನ್ನುವುದು ಯಾರ ಬಜೆಟ್ಟಿನಲ್ಲಿ ಎಂದು ಕೇಳಿದರು. ಈ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ನಮ್ಮ ಬಳಿ ಉತ್ತರವಿರಲಿಲ್ಲ. ಟ್ರಯಲ್‌ಗಳ ಫಲಿತಾಂಶವನ್ನು ನಾವು ಎಷ್ಟು ಕಟ್ಟುನಿಟ್ಟಾಗಿ ಒರೆಗೆ ಹಚ್ಚಿದ್ದೆವೋ, ವೆಚ್ಚದ ಮಾತನ್ನು ಅಷ್ಟೇ ಸಡಿಲವಾಗಿ ಒಪ್ಪಿಕೊಂಡಿದ್ದೆವು. ಆ ವಿಮರ್ಶೆಯನ್ನು ನವೀಕರಿಸುವ ಸಂದರ್ಭ ಬಂದಾಗ, ಆರ್ಥಿಕ ಸಾಕ್ಷ್ಯವನ್ನು ಆರಂಭದಿಂದಲೇ ಸೇರಿಸಿಕೊಂಡು ಕೆಲಸ ಮಾಡಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ವ್ಯವಸ್ಥಿತ ವಿಮರ್ಶೆಗಳನ್ನು ಪ್ರಕಟಿಸುವ ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಕೈಪಿಡಿಯ 20ನೇ ಅಧ್ಯಾಯ ಈ ಕೆಲಸಕ್ಕೆ ಎರಡು ದಾರಿಗಳನ್ನು ತೋರಿಸುತ್ತದೆ. ಮೊದಲನೆಯದು ಸಂಕ್ಷಿಪ್ತ ಆರ್ಥಿಕ ಟಿಪ್ಪಣಿ: ಲಭ್ಯವಿರುವ ಆರ್ಥಿಕ ಅಧ್ಯಯನಗಳನ್ನು ಗುರುತಿಸಿ, ಅವುಗಳ ಗುಣಮಟ್ಟವನ್ನು ವಿಧಿವತ್ತಾಗಿ ಅಳೆಯದೆ, ಹಿನ್ನೆಲೆಯಲ್ಲಿಯೂ ಚರ್ಚೆಯಲ್ಲಿಯೂ ಅವು ಏನು ಹೇಳುತ್ತವೆ ಎಂದು ತಿಳಿಸಿ ನಿಲ್ಲುವುದು. ಎರಡನೆಯದು ಸಮಗ್ರ ಆರ್ಥಿಕ ವಿಮರ್ಶೆ: ಪ್ರಶ್ನೆ, ಹುಡುಕಾಟ, ಆಯ್ಕೆ, ಗುಣಮಟ್ಟದ ಪರಿಶೀಲನೆ, ಸಂಶ್ಲೇಷಣೆ ಎಲ್ಲವನ್ನೂ ಫಲದ ವಿಮರ್ಶೆಯ ಜೊತೆಜೊತೆಗೆ ನಡೆಸುವುದು. ಮೊದಲನೆಯದನ್ನು ಕಡಿಮೆ ಸಮಯದಲ್ಲಿ ಪ್ರಾಮಾಣಿಕವಾಗಿ ಮಾಡಬಹುದು. ಆದರೆ ಅದನ್ನು ಮಾಡಿ ಎರಡನೆಯದರ ತೀರ್ಮಾನಗಳನ್ನು ಬರೆಯುವುದು ತಪ್ಪು, ನಮ್ಮ ಮೊದಲ ವಿಮರ್ಶೆಯಲ್ಲಿ ಆದದ್ದೂ ಅದೇ. ಈ ಬಾರಿ ನಾವು ಎರಡನೆಯ ದಾರಿಯನ್ನು ಆರಿಸಿಕೊಂಡೆವು. ಪ್ರೋಟೋಕಾಲ್ (ವಿಮರ್ಶೆ ನಡೆಸುವ ಬಗೆಯನ್ನು ಮುಂಚೆಯೇ ಬರೆದಿಡುವ ಯೋಜನೆ) ಬರೆಯುವ ಮೊದಲ ದಿನದಿಂದಲೇ ಆರೋಗ್ಯ ಅರ್ಥಶಾಸ್ತ್ರಜ್ಞರೊಬ್ಬರು ನಮ್ಮೊಂದಿಗಿದ್ದರು.

ಅವರು ಮೊದಲು ಮಾಡಿಸಿದ್ದು, ಕಾರ್ಯಕ್ರಮ ನಡೆಯುವಾಗ ಏನೇನು ಖರ್ಚಾಗುತ್ತದೆ, ಅದರ ಫಲವಾಗಿ ಯಾವ ಖರ್ಚು ತಪ್ಪುತ್ತದೆ ಎಂಬುದರ ಚಿತ್ರವೊಂದನ್ನು ಒಂದೇ ಹಾಳೆಯಲ್ಲಿ ಬಿಡಿಸುವ ಕೆಲಸ. ಎಡಬದಿಯಲ್ಲಿ ಫಿಸಿಯೋಥೆರಪಿಸ್ಟ್‌ನ ಸಮಯ, ಮನೆಗೆ ಹೋಗಿ ಬರುವ ಪ್ರಯಾಣ, ತರಬೇತಿ, ವ್ಯಾಯಾಮ ಮಾಡುವವರ ಮತ್ತು ಅವರನ್ನು ನೋಡಿಕೊಳ್ಳುವವರ ಸಮಯ. ಬಲಬದಿಯಲ್ಲಿ ತುರ್ತು ಚಿಕಿತ್ಸೆ, ಸೊಂಟದ ಮೂಳೆ ಮುರಿತದ ಶಸ್ತ್ರಚಿಕಿತ್ಸೆ, ಆಸ್ಪತ್ರೆಯಲ್ಲಿ ಕಳೆಯುವ ದಿನಗಳು, ಆಮೇಲಿನ ದೀರ್ಘಕಾಲದ ಆರೈಕೆ. ಈ ಹಾಳೆ ಎದುರಿಗಿದ್ದಾಗ ಲೆಕ್ಕವನ್ನು ಯಾರ ದೃಷ್ಟಿಕೋನದಿಂದ ನೋಡಬೇಕು ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಸಾಧ್ಯವೇ ಇರಲಿಲ್ಲ. ಆರೋಗ್ಯ ವ್ಯವಸ್ಥೆಯ ದೃಷ್ಟಿಯಿಂದ ನೋಡಿದರೆ ಮಗಳೊಬ್ಬಳು ತಾಯಿಯ ಜೊತೆ ಕೂತು ವ್ಯಾಯಾಮ ಮಾಡಿಸಿದ ಗಂಟೆಗಳಿಗೆ ಬೆಲೆಯಿಲ್ಲ. ಸಮಾಜದ ದೃಷ್ಟಿಯಿಂದ ನೋಡಿದರೆ ಅದೇ ಲೆಕ್ಕದ ದೊಡ್ಡ ಭಾಗವಾಗಬಹುದು. ಎರಡೂ ದೃಷ್ಟಿಕೋನಗಳ ಅಧ್ಯಯನಗಳನ್ನು ಸೇರಿಸಿಕೊಳ್ಳುವುದು, ಆದರೆ ಅವನ್ನು ಒಂದೇ ಸಾಲಿನಲ್ಲಿ ಇಟ್ಟು ಹೋಲಿಸದಿರುವುದು ಎಂದು ಪ್ರೋಟೋಕಾಲ್‌ನಲ್ಲೇ ಬರೆದುಕೊಂಡೆವು.

ಹುಡುಕಾಟದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಆದರೆ ಹೊಸಬರು ಎಡವುವ ಒಂದು ಜಾಗವಿದೆ. ಯಾರ್ಕ್ ವಿಶ್ವವಿದ್ಯಾಲಯದಲ್ಲಿ ನಿರ್ವಹಿಸುತ್ತಿದ್ದ ಎನ್‌ಎಚ್‌ಎಸ್ ಇಇಡಿ ಎಂಬ ಆರ್ಥಿಕ ಅಧ್ಯಯನಗಳ ದತ್ತಕೋಶಕ್ಕಾಗಿ ನಡೆಯುತ್ತಿದ್ದ ಹುಡುಕಾಟ 2014ರ ಕೊನೆಗೆ ನಿಂತಿತು. ಅಲ್ಲಿಯವರೆಗಿನ ಅಧ್ಯಯನಗಳಿಗೆ ಅದು ಈಗಲೂ ಒಳ್ಳೆಯ ಆಕರವೇ, ಆದರೆ ನಂತರದ ವರ್ಷಗಳಿಗೆ ಮೆಡ್‌ಲೈನ್ ಮತ್ತು ಎಂಬೇಸ್ ಎಂಬ ವೈದ್ಯಕೀಯ ದತ್ತಕೋಶಗಳಲ್ಲಿ ಆರ್ಥಿಕ ಫಿಲ್ಟರ್ (ಆರ್ಥಿಕ ಅಧ್ಯಯನಗಳನ್ನು ಹೆಕ್ಕುವ ಹುಡುಕು ಪದಗಳ ಸೂತ್ರ) ಹಾಕಿ ಹುಡುಕಲೇಬೇಕು. ಟ್ರಯಲ್‌ಗಳನ್ನು ಹುಡುಕಲು ಬರೆದ ಸೂತ್ರವನ್ನೇ ಇಲ್ಲಿಯೂ ಬಳಸಿದರೆ ಮಾಡೆಲ್ ಆಧಾರಿತ ಅಧ್ಯಯನಗಳು (ಬೇರೆಡೆಯ ಅಂಕಿಗಳನ್ನು ಸೇರಿಸಿ ವೆಚ್ಚ ಮತ್ತು ಫಲವನ್ನು ಲೆಕ್ಕ ಹಾಕಿ ಅಂದಾಜಿಸುವಂಥವು) ಬಹುತೇಕ ತಪ್ಪಿಹೋಗುತ್ತವೆ, ಏಕೆಂದರೆ ಅವುಗಳ ಸಾರಾಂಶದಲ್ಲಿ ಯಾದೃಚ್ಛಿಕ ಹಂಚಿಕೆಯ ಮಾತೇ ಇರುವುದಿಲ್ಲ.

ನನ್ನ ಕಣ್ಣು ತೆರೆಸಿದ್ದು ಈ ಮಾಡೆಲ್ ಅಧ್ಯಯನಗಳೇ. ಆಯ್ಕೆಯಾದವುಗಳಲ್ಲಿ ಒಂದನ್ನು ಒಂದು ಇಡೀ ಮಧ್ಯಾಹ್ನ ಅರ್ಥಶಾಸ್ತ್ರಜ್ಞರ ಪಕ್ಕದಲ್ಲಿ ಕೂತು ಸಾಲುಸಾಲಾಗಿ ಓದಿದೆ. ಅದರ ಸಾರಾಂಶ ಕಾರ್ಯಕ್ರಮವನ್ನು ಬಲವಾಗಿ ಬೆಂಬಲಿಸುತ್ತಿತ್ತು. ಮಾಡೆಲ್‌ಗೆ ಹಾಕಿದ ಅಂಕಿಗಳ ಕೋಷ್ಟಕವನ್ನು ತೆರೆದಾಗ, ವ್ಯಾಯಾಮದ ಫಲ ಎಂದು ಅವರು ಬಳಸಿದ್ದು ಒಂದೇ ಒಂದು ಟ್ರಯಲ್‌ನ ಸಂಖ್ಯೆ ಎಂಬುದು ಕಾಣಿಸಿತು. ಆ ಟ್ರಯಲ್ ನಮ್ಮ ವಿಮರ್ಶೆಯಲ್ಲಿಯೂ ಇತ್ತು; ನಾವು ಅದನ್ನು ಪಕ್ಷಪಾತದ ಅಪಾಯ ಹೆಚ್ಚಿರುವ (ನಡೆಸಿದ ರೀತಿಯ ದೋಷದಿಂದ ಫಲಿತಾಂಶ ಒಂದು ಕಡೆಗೆ ವಾಲಿರಬಹುದಾದ) ಅಧ್ಯಯನ ಎಂದು ಗುರುತಿಸಿದ್ದೆವು ಮತ್ತು ಅದರ ಫಲಿತಾಂಶ ಎಲ್ಲ ಟ್ರಯಲ್‌ಗಳ ಒಟ್ಟು ಅಂದಾಜಿಗಿಂತ ಬಹಳ ಆಶಾದಾಯಕವಾಗಿತ್ತು. ಅಂದರೆ ನಮ್ಮ ಮೊದಲ ವಿಮರ್ಶೆ ಒಂದು ಟ್ರಯಲ್ ಅನ್ನು ಮುಂಬಾಗಿಲಲ್ಲಿ ಅನುಮಾನದಿಂದ ನೋಡಿ, ಅದೇ ಟ್ರಯಲ್ ಅನ್ನು ವೆಚ್ಚದ ಪ್ಯಾರಾದ ಹಿಂಬಾಗಿಲಿನಿಂದ ಪೂರ್ಣ ನಂಬಿಕೆಯೊಡನೆ ಒಳಗೆ ಬಿಟ್ಟುಕೊಂಡಿತ್ತು.

ಕೋಷ್ಟಕದ ಮುಂದಿನ ಸಾಲು ಇನ್ನೂ ಮುಖ್ಯವಾಗಿತ್ತು. ಬೀಳುವ ಪ್ರಮಾಣ ಎಷ್ಟು ಇಳಿಯುತ್ತದೋ ಮೂಳೆ ಮುರಿತವೂ ಅಷ್ಟೇ ಇಳಿಯುತ್ತದೆ ಎಂದು ಮಾಡೆಲ್ ಊಹಿಸಿಕೊಂಡಿತ್ತು. ಉಳಿತಾಯದ ಬಹುಪಾಲು ಬರುವುದು ಮುರಿತ ತಪ್ಪುವುದರಿಂದಲೇ, ಏಕೆಂದರೆ ಬಿದ್ದವರಲ್ಲಿ ಹೆಚ್ಚಿನವರಿಗೆ ದೊಡ್ಡ ಚಿಕಿತ್ಸೆ ಬೇಕಾಗುವುದಿಲ್ಲ, ಸೊಂಟದ ಮೂಳೆ ಮುರಿದ ಒಬ್ಬರ ಖರ್ಚು ಮಾತ್ರ ಅಪಾರವಾಗಿರುತ್ತದೆ. 2019ರ ಕೊಕ್ರೇನ್ ವಿಮರ್ಶೆ ವ್ಯಾಯಾಮವು ಬೀಳುವ ಪ್ರಮಾಣವನ್ನು ಸುಮಾರು ಶೇ 23ರಷ್ಟು ತಗ್ಗಿಸುತ್ತದೆ ಎಂಬುದಕ್ಕೆ ಉನ್ನತ ಖಚಿತತೆಯ ಸಾಕ್ಷ್ಯವಿದೆ ಎಂದಿತು. ಆದರೆ ಮುರಿತಗಳ ಕುರಿತ ಸಾಕ್ಷ್ಯದ ಖಚಿತತೆ ಕಡಿಮೆ ಎಂದು ಅದೇ ವಿಮರ್ಶೆ ಹೇಳಿತು. ಹೀಗೆ ಗಟ್ಟಿ ಸಾಕ್ಷ್ಯದ ಮೇಲೆ ನಿಂತಂತೆ ಕಾಣುವ ಆರ್ಥಿಕ ತೀರ್ಮಾನದ ಭಾರವೆಲ್ಲ ಬಿದ್ದಿರುವುದು ದುರ್ಬಲ ಸಾಕ್ಷ್ಯದ ಮೇಲೆ. ಅಂದಿನಿಂದ ಪ್ರತಿ ಮಾಡೆಲ್‌ಗೂ ನಾವು ಎರಡು ಹೆಚ್ಚುವರಿ ಅಂಕಣಗಳನ್ನು ತುಂಬುತ್ತೇವೆ: ಫಲದ ಅಂಕಿ ಎಲ್ಲಿಂದ ಬಂತು, ನಮ್ಮ ಮೆಟಾ-ಅನಾಲಿಸಿಸ್‌ನ (ಎಲ್ಲ ಟ್ರಯಲ್‌ಗಳ ಅಂಕಿಗಳನ್ನು ಒಟ್ಟುಗೂಡಿಸಿದ ಲೆಕ್ಕದ) ಅಂದಾಜಿಗೆ ಹೋಲಿಸಿದರೆ ಅದು ಎಲ್ಲಿ ನಿಲ್ಲುತ್ತದೆ. ಈ ಎರಡು ಅಂಕಣಗಳನ್ನು ತುಂಬುವ ಅನುಕೂಲ ವ್ಯವಸ್ಥಿತ ವಿಮರ್ಶೆ ಮಾಡುವವರಿಗೆ ಇರುವಷ್ಟು ಬೇರೆ ಯಾರಿಗೂ ಇಲ್ಲ. ಆರ್ಥಿಕ ಸಾಕ್ಷ್ಯವನ್ನು ಬೇರೆ ತಂಡಕ್ಕೆ ಬಿಟ್ಟುಕೊಡದೆ ನಮ್ಮ ವಿಮರ್ಶೆಯೊಳಗೇ ತರಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣವೂ ಇದೇ.

ಮಾಹಿತಿ ತೆಗೆಯುವಾಗ ಹಣಕ್ಕಿಂತ ಮೊದಲು ಪರಿಮಾಣವನ್ನು ಬರೆದುಕೊಳ್ಳುವ ಅಭ್ಯಾಸ ಮಾಡಿಕೊಂಡೆವು. ಎಷ್ಟು ಭೇಟಿ, ಪ್ರತಿ ಭೇಟಿಗೆ ಎಷ್ಟು ನಿಮಿಷ, ಆಸ್ಪತ್ರೆಯಲ್ಲಿ ಎಷ್ಟು ದಿನ ಎಂಬುದು ಒಂದು ಕಡೆ, ಅವುಗಳ ದರ ಇನ್ನೊಂದು ಕಡೆ. ಸಾಕ್ಷ್ಯದ ಖಚಿತತೆಯನ್ನು ಅಳೆಯುವ ಗ್ರೇಡ್ ಪದ್ಧತಿಯೂ ಸಂಪನ್ಮೂಲದ ಬಳಕೆಯನ್ನು ಉಳಿದ ಫಲಿತಾಂಶಗಳಂತೆಯೇ ಪರಿಗಣಿಸಿ, ಮೊದಲು ಪರಿಮಾಣದಲ್ಲಿ ತೋರಿಸಲು ಹೇಳುತ್ತದೆ. ದರ ಒಂದು ದೇಶದಿಂದ ಇನ್ನೊಂದಕ್ಕೆ, ಒಂದು ವರ್ಷದಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಒಬ್ಬರಿಗೆ ವ್ಯಾಯಾಮ ಕಲಿಸಲು ಬೇಕಾದ ಗಂಟೆಗಳು ಅಷ್ಟು ಬೇಗ ಬದಲಾಗುವುದಿಲ್ಲ. ಕೆಲವು ಟ್ರಯಲ್‌ಗಳು ವೆಚ್ಚದ ಮಧ್ಯಾಂಕವನ್ನು (ಏರಿಕೆಯ ಕ್ರಮದಲ್ಲಿ ಇಟ್ಟಾಗ ನಡುವೆ ಬರುವ ಸಂಖ್ಯೆಯನ್ನು) ಮಾತ್ರ ಕೊಟ್ಟಿದ್ದವು. ವೆಚ್ಚದ ಹಂಚಿಕೆ ಸಾಮಾನ್ಯವಾಗಿ ಒಂದು ಬದಿಗೆ ವಾಲಿರುವುದರಿಂದ ಸಂಖ್ಯಾಶಾಸ್ತ್ರ ಕಲಿತವರಿಗೆ ಮಧ್ಯಾಂಕವೇ ಸರಿ ಎನಿಸುವುದು ಸಹಜ, ನನಗೂ ಹಾಗೇ ಅನಿಸಿತ್ತು. ಆದರೆ ಸರಾಸರಿಯನ್ನು ಜನರ ಸಂಖ್ಯೆಯಿಂದ ಗುಣಿಸಿದರೆ ಮಾತ್ರ ಒಟ್ಟು ಖರ್ಚು ಸಿಗುತ್ತದೆ, ಮಧ್ಯಾಂಕದಿಂದ ಸಿಗುವುದಿಲ್ಲ; ಬಜೆಟ್ ಹೊಂದಿಸುವವರಿಗೆ ಬೇಕಾದದ್ದು ಒಟ್ಟು ಖರ್ಚು. ಆದ್ದರಿಂದ ಲೇಖಕರಿಗೆ ಪತ್ರ ಬರೆದು ಸರಾಸರಿಯನ್ನು ಕೇಳಿದೆವು. ಉತ್ತರ ಬಾರದಿದ್ದಾಗ ಆ ವೆಚ್ಚವನ್ನು ಕೋಷ್ಟಕದಲ್ಲಿ ಖಾಲಿ ಬಿಟ್ಟೆವು.

ಬೇರೆಬೇರೆ ನಾಣ್ಯಗಳ ಅಂಕಿಗಳನ್ನು ಅಕ್ಕಪಕ್ಕ ಇಡಬೇಕಾದಾಗ ಕ್ರಮ ಮುಖ್ಯ: ಮೊದಲು ಆಯಾ ದೇಶದ ಬೆಲೆ ಸೂಚ್ಯಂಕದಿಂದ ಎಲ್ಲವನ್ನೂ ಒಂದೇ ವರ್ಷಕ್ಕೆ ತರಬೇಕು, ಆಮೇಲೆ ಖರೀದಿ ಶಕ್ತಿಯ ಸಮಾನತೆಯ ದರದಿಂದ (ಒಂದೇ ಬಗೆಯ ವಸ್ತುಗಳಿಗೆ ಬೇರೆಬೇರೆ ದೇಶಗಳಲ್ಲಿ ಆಗುವ ಖರ್ಚನ್ನು ಹೋಲಿಸಿ ಪಡೆದ ದರದಿಂದ) ಒಂದೇ ನಾಣ್ಯಕ್ಕೆ ಬದಲಿಸಬೇಕು. ಕ್ಯಾಂಬೆಲ್ ಮತ್ತು ಕೊಕ್ರೇನ್ ಅರ್ಥಶಾಸ್ತ್ರ ವಿಧಾನಗಳ ಗುಂಪು ಹಾಗೂ ಎಪಿ ಸೆಂಟರ್ ಎಂಬ ಸಂಶೋಧನಾ ಕೇಂದ್ರ ಸೇರಿ ರೂಪಿಸಿದ ವೆಚ್ಚ ಪರಿವರ್ತಕ ಇದನ್ನು ಇದೇ ಕ್ರಮದಲ್ಲಿ ಮಾಡಿಕೊಡುತ್ತದೆ. ಯಾವ ವರ್ಷದ ಬೆಲೆ ಎಂದು ವರದಿಯಲ್ಲಿ ಹೇಳದಿರುವ ಅಧ್ಯಯನಗಳು ನಾವು ಎಣಿಸಿದ್ದಕ್ಕಿಂತ ಹೆಚ್ಚಾಗಿದ್ದವು. ಮುಂದೆ ಬರುವ ಹಣವನ್ನು ಇಂದಿನ ಬೆಲೆಗೆ ಇಳಿಸುವ ಡಿಸ್ಕೌಂಟ್ ದರದ್ದೂ ಇಂಥದೇ ಕಥೆ. ಇಪ್ಪತ್ತು ವರ್ಷಗಳ ನಂತರ ಉಳಿಯುವ 100 ಎಂಬ ಮೊತ್ತಕ್ಕೆ ಶೇ 3ರ ದರದಲ್ಲಿ ಇಂದಿನ ಬೆಲೆ ಸುಮಾರು 55, ಶೇ 5ರ ದರದಲ್ಲಿ ಸುಮಾರು 38. ಒಂದು ಅಧ್ಯಯನ ಕಾರ್ಯಕ್ರಮವನ್ನು ಹೊಗಳಿ ಇನ್ನೊಂದು ತೆಗಳಿದಾಗ, ವ್ಯಾಯಾಮದಲ್ಲಿ ಯಾವ ವ್ಯತ್ಯಾಸವೂ ಇಲ್ಲದೆ ಲೆಕ್ಕದ ಈ ಒಂದು ಸಾಲಿನಲ್ಲಿ ಮಾತ್ರ ವ್ಯತ್ಯಾಸವಿರುವ ಸಾಧ್ಯತೆಯನ್ನು ಮೊದಲು ನೋಡಬೇಕು.

ಗುಣಮಟ್ಟದ ಪರಿಶೀಲನೆಗೆ, ಟ್ರಯಲ್ ಜೊತೆಗೆ ನಡೆದ ಆರ್ಥಿಕ ಅಧ್ಯಯನಗಳಿಗೆ 19 ಅಂಶಗಳ ಚೆಕ್ (CHEC) ಎಂಬ ಪಟ್ಟಿಯನ್ನೂ ಮಾಡೆಲ್‌ಗಳಿಗೆ ಪ್ರತ್ಯೇಕ ಪಟ್ಟಿಯನ್ನೂ ಬಳಸಿದೆವು. 2022ರಲ್ಲಿ ಪರಿಷ್ಕೃತವಾದ, 28 ಅಂಶಗಳಿರುವ ಚಿಯರ್ಸ್ ಪಟ್ಟಿಯನ್ನು ಅನೇಕರು ಅಂಕ ಕೊಡಲು ಬಳಸುವುದನ್ನು ನೋಡಿದ್ದೇನೆ. ಅದು ವರದಿಯಲ್ಲಿ ಏನೇನು ಇರಬೇಕು ಎಂದು ಹೇಳುವ ಪಟ್ಟಿ, ಅಧ್ಯಯನ ಸರಿಯಾಗಿ ನಡೆದಿದೆಯೇ ಎಂದು ಅಳೆಯುವ ಸಾಧನವಲ್ಲ. ತಪ್ಪು ಊಹೆಯೊಂದನ್ನು ಸ್ಪಷ್ಟವಾಗಿ ವರದಿ ಮಾಡಿದ ಅಧ್ಯಯನವೂ ಅದರಲ್ಲಿ ಪೂರ್ಣ ಅಂಕ ಪಡೆದುಬಿಡುತ್ತದೆ.

ಎಲ್ಲವೂ ಕೈಗೆ ಬಂದ ಮೇಲೆ, ಅಧ್ಯಯನಗಳ ಹೆಚ್ಚುವರಿ ವೆಚ್ಚ-ಫಲ ಅನುಪಾತಗಳನ್ನು (ಹೆಚ್ಚುವರಿ ವೆಚ್ಚವನ್ನು ಹೆಚ್ಚುವರಿ ಫಲದಿಂದ ಭಾಗಿಸಿದ ಸಂಖ್ಯೆಗಳನ್ನು) ಸೇರಿಸಿ ಒಂದು ಸರಾಸರಿ ತೆಗೆಯೋಣವೇ ಎಂದು ತಂಡದ ಕಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು. ಅರ್ಥಶಾಸ್ತ್ರಜ್ಞರು ಬೋರ್ಡಿನ ಮೇಲೆ ಎರಡು ಸಾಲು ಬರೆದರು. ಮೊದಲ ಕಾರ್ಯಕ್ರಮ 200 ಉಳಿಸಿ 0.01 ಕ್ವಾಲಿ (ಒಂದು ಕ್ವಾಲಿ ಎಂದರೆ ಪೂರ್ಣ ಆರೋಗ್ಯದ ಒಂದು ವರ್ಷಕ್ಕೆ ಸಮನಾದ ಅಳತೆ) ಗಳಿಸಿಕೊಡುತ್ತದೆ. ಅನುಪಾತ ಋಣ 20,000. ಎರಡನೆಯದು 200 ಹೆಚ್ಚು ಖರ್ಚು ಮಾಡಿಸಿ 0.01 ಕ್ವಾಲಿ ಕಳೆಯುತ್ತದೆ. ಅದರ ಅನುಪಾತವೂ ಋಣ 20,000. ಒಂದು ಎಲ್ಲರೂ ಬಯಸುವಂಥದ್ದು, ಇನ್ನೊಂದು ಯಾರಿಗೂ ಬೇಡವಾದದ್ದು, ಸಂಖ್ಯೆ ಮಾತ್ರ ಒಂದೇ. ಮೊದಲ ಕಾರ್ಯಕ್ರಮ 0.02 ಕ್ವಾಲಿ ಗಳಿಸಿಕೊಟ್ಟಿದ್ದರೆ ಅನುಪಾತ ಋಣ 10,000ಕ್ಕೆ ಬರುತ್ತಿತ್ತು, ಅಂದರೆ ಫಲ ಇಮ್ಮಡಿಯಾದರೂ ಉಳಿತಾಯ ಅರ್ಧಕ್ಕಿಳಿದಂತೆ ಕಾಣುತ್ತಿತ್ತು. ಸರಾಸರಿಯ ಮಾತು ಅಲ್ಲಿಗೆ ನಿಂತಿತು. ಅದರ ಬದಲು ವೆಚ್ಚ ಹೆಚ್ಚು, ಸಮ, ಕಡಿಮೆ ಎಂದು ಮೂರು ಸಾಲು, ಫಲ ಹೆಚ್ಚು, ಸಮ, ಕಡಿಮೆ ಎಂದು ಮೂರು ಅಂಕಣ ಮಾಡಿ, ಒಂಬತ್ತು ಮನೆಗಳ ಚೌಕದಲ್ಲಿ ಪ್ರತಿ ಅಧ್ಯಯನವನ್ನೂ ಅದರ ಮನೆಯಲ್ಲಿ ಕೂರಿಸಿದೆವು. ಹೆಚ್ಚಿನವು ವೆಚ್ಚವೂ ಹೆಚ್ಚು ಫಲವೂ ಹೆಚ್ಚು ಎಂಬ ಮನೆಯಲ್ಲಿ ಸೇರಿಕೊಂಡವು. ಮುರಿತದ ಅಪಾಯ ಹೆಚ್ಚಿರುವವರನ್ನು ಮಾತ್ರ ಸೇರಿಸಿಕೊಂಡ ಅಧ್ಯಯನಗಳು ಉಳಿತಾಯದ ಮನೆಯ ಕಡೆಗೆ ಸರಿದವು. ಸರಾಸರಿಯೊಂದನ್ನು ಬರೆದಿದ್ದರೆ ಮುಚ್ಚಿಹೋಗುತ್ತಿದ್ದ ಈ ವ್ಯತ್ಯಾಸವೇ ನಮ್ಮ ಆರ್ಥಿಕ ಭಾಗದ ಮುಖ್ಯ ಫಲಿತಾಂಶವಾಯಿತು.

ಇಂತಿಷ್ಟು ಹಣದೊಳಗೆ ಒಂದು ಕ್ವಾಲಿ ಸಿಕ್ಕರೆ ಕಾರ್ಯಕ್ರಮ ಒಪ್ಪಿತ ಎಂಬ ಗಡಿಯನ್ನು ನಾವು ಎಲ್ಲಿಯೂ ಹಾಕಲಿಲ್ಲ. ದೇಶದ ತಲಾ ಜಿಡಿಪಿಯ ಒಂದರಿಂದ ಮೂರು ಪಟ್ಟು ಎಂಬ, ಒಂದು ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹೆಸರಿನಲ್ಲಿ ಎಲ್ಲೆಡೆ ಬಳಕೆಯಾದ ಅಳತೆಗೋಲು ಬಹಳ ಟೀಕೆಗೆ ಒಳಗಾಗಿದೆ, ಮತ್ತು ಗಡಿಯನ್ನು ನಿರ್ಧರಿಸುವುದು ಆ ಹಣದಿಂದ ಬೇರೆ ಏನನ್ನು ಬಿಟ್ಟುಕೊಡಬೇಕಾಗುತ್ತದೆ ಎಂದು ಬಲ್ಲವರ ಕೆಲಸ. ನಮ್ಮ ಕೆಲಸ ಅವರಿಗೆ ಬೇಕಾದ ಸಾಮಗ್ರಿಯನ್ನು ಒದಗಿಸುವುದು. ಹಾಗಾಗಿ ಫಲಿತಾಂಶಗಳ ಸಾರಾಂಶ ಕೋಷ್ಟಕದಲ್ಲಿ ಬೀಳುವಿಕೆ ಮತ್ತು ಮುರಿತಗಳ ಸಾಲುಗಳ ಕೆಳಗೇ ಒಬ್ಬ ವ್ಯಕ್ತಿಗೆ ತಗಲುವ ಸಿಬ್ಬಂದಿ ಗಂಟೆಗಳು, ತಪ್ಪುವ ಆಸ್ಪತ್ರೆ ದಿನಗಳು, ಪ್ರತಿಯೊಂದರ ಖಚಿತತೆಯ ಮಟ್ಟ ಇವುಗಳನ್ನು ಸೇರಿಸಿದೆವು. ಯಾವ ಊರಿನ ಅಧಿಕಾರಿಯಾದರೂ ತನ್ನ ದರವನ್ನು ಪಕ್ಕದಲ್ಲಿ ಬರೆದು ಗುಣಿಸಿಕೊಳ್ಳಬಹುದು.

ನವೀಕರಿಸಿದ ಕರಡನ್ನು ಅಂದು ಪ್ರಶ್ನೆ ಕೇಳಿದ್ದ ಆಡಳಿತಾಧಿಕಾರಿಗೇ ಮೊದಲು ಕಳುಹಿಸಿದೆವು. ಅವರು ಆ ಕೋಷ್ಟಕದ ಸಿಬ್ಬಂದಿ ಗಂಟೆಗಳ ಸಾಲಿಗೆ ಗುರುತು ಹಾಕಿ, ಪ್ರಯಾಣದ ಸಮಯ ಇದರಲ್ಲಿ ಸೇರಿದೆಯೇ ಎಂದು ಬರೆದು ವಾಪಸು ಕಳುಹಿಸಿದರು. ಕೆಲವು ಅಧ್ಯಯನಗಳಲ್ಲಿ ಸೇರಿತ್ತು, ಕೆಲವುಗಳಲ್ಲಿ ಇರಲಿಲ್ಲ. ಆ ಸಾಲನ್ನು ಎರಡಾಗಿ ಒಡೆದು, ಪ್ರಯಾಣವನ್ನು ಬೇರೆಯಾಗಿ ತೋರಿಸಿ, ಕರಡನ್ನು ಮುದ್ರಣಕ್ಕೆ ಕಳುಹಿಸಿದೆವು.