ಝೆಸ್ಟಿಮೇಟ್ ನೋಡ್ಕೊಂಡು ಮನೆ ರೇಟ್ ಫಿಕ್ಸ್ ಮಾಡೋಕೆ ಮುಂಚೆ

ಅಮೆರಿಕಾದಲ್ಲಿ ಮನೆ ತಗೊಳ್ಳೋಕೋ ಮಾರೋಕೋ ಹೊರಟ ನಮ್ಮವರು ಮೊದಲು ಓಪನ್ ಮಾಡೋದೇ ಝಿಲೋ ಅನ್ನೋ ರಿಯಲ್ ಎಸ್ಟೇಟ್ ವೆಬ್‌ಸೈಟ್. ಅಡ್ರೆಸ್ ಹಾಕಿದ ತಕ್ಷಣ ಝೆಸ್ಟಿಮೇಟ್ ಅಂತ ಮನೆ ಅಂದಾಜು ಬೆಲೆಯ ಒಂದು ನಂಬರ್ ಬರತ್ತಲ್ಲ, ಅದು ಶುರುವಾಗಿದ್ದು 2006ರಲ್ಲಿ, ಇವತ್ತಿಗೂ ಆ ಹೆಸರು ಎತ್ತಿದ್ರೆ ರಿಯಲ್ ಎಸ್ಟೇಟ್ ಏಜೆಂಟ್‌ಗಳಿಗೆ ಉರಿಯತ್ತೆ. ಯಾಕಂದ್ರೆ ಮಾರೋರು ಆ ನಂಬರ್ ಜಾಸ್ತಿ ಇದ್ರೆ ಮಾತ್ರ ಹಿಡ್ಕೊಂಡು ಬರ್ತಾರೆ, ಕೊಳ್ಳೋರು ಕಡಿಮೆ ಇದ್ರೆ ಮಾತ್ರ, ಮಧ್ಯ ನಿಂತು ಇಬ್ಬರನ್ನೂ ಸಮಾಧಾನ ಮಾಡೋ ಕೆಲಸ ಏಜೆಂಟ್ ತಲೆಗೆ.

ಈ ನಂಬರ್ ಎಲ್ಲಿಂದ ಬರತ್ತೆ ಅಂದ್ರೆ ಕೌಂಟಿ (ನಮ್ಮ ಜಿಲ್ಲೆ ಥರ) ರೆಕಾರ್ಡು, ಟ್ಯಾಕ್ಸ್ ಲೆಕ್ಕ, ಅಕ್ಕಪಕ್ಕ ಮಾರಾಟ ಆಗಿರೋ ಮನೆಗಳು, ಲಿಸ್ಟಿಂಗ್ ಫೋಟೋಗಳು, ಇವನ್ನೆಲ್ಲ ಕಂಪ್ಯೂಟರ್‌ಗೆ ಹಾಕಿ ತೆಗೆದಿದ್ದು. ಯಾರೂ ಮನೆ ಒಳಗೆ ಕಾಲಿಟ್ಟಿರಲ್ಲ. ನೀವು ಹೋದ ವರ್ಷ ಕಿಚನ್ ಪೂರ್ತಿ ಕಿತ್ತು ಹೊಸದಾಗಿ ಮಾಡಿಸಿದ್ದು ಅದಕ್ಕೆ ಗೊತ್ತಿಲ್ಲ, ಡ್ಯಾಲಸ್ ಕಡೆ ಜೇಡಿಮಣ್ಣು ಹಿಗ್ಗಿ ಕುಗ್ಗಿ ಫೌಂಡೇಶನ್ ಬಿರುಕು ಬಿಟ್ಟಿದ್ರೆ ಅದೂ ಗೊತ್ತಿಲ್ಲ. ಫ್ರಿಸ್ಕೋದಲ್ಲೋ ಫ್ರೀಮಾಂಟ್‌ನಲ್ಲೋ ಪೂರ್ವಕ್ಕೆ ಬಾಗಿಲಿರೋ ಮನೆಗೆ ನಮ್ಮ ಜನ ಹೇಗೆ ಮುಗಿಬೀಳ್ತಾರೆ ಅನ್ನೋದಂತೂ ಯಾವ ಕೌಂಟಿ ರೆಕಾರ್ಡಲ್ಲೂ ಬರೆದಿರಲ್ಲ ಬಿಡಿ.

ಈಗ ಎಷ್ಟು ತಪ್ಪಾಗತ್ತೆ ಅಂತ ನೋಡೋಣ. ಝಿಲೋನೇ ಹೇಳೋ ಪ್ರಕಾರ ಮಾರಾಟಕ್ಕೆ ಹಾಕಿರೋ ಮನೆಗಳಲ್ಲಿ ಮೀಡಿಯನ್ ಎರರ್ ಹತ್ತತ್ರ 2%, ಹಾಕದೇ ಇರೋ ಮನೆಗಳಲ್ಲಿ ಸುಮಾರು 7%. ಏಳೇ ಪರ್ಸೆಂಟ್ ತಾನೇ ಅನ್ಬೇಡಿ, 6 ಲಕ್ಷ ಡಾಲರ್ ಮನೆಗೆ ಅದು 42,000 ಡಾಲರ್, ಮೀಡಿಯನ್ ಅಂದ್ರೆ ಅರ್ಧ ಮನೆಗಳಲ್ಲಿ ತಪ್ಪು ಇದಕ್ಕಿಂತ ಜಾಸ್ತಿನೇ. ಇನ್ನು ಆ 2% ಹೇಗೆ ಬಂತು? ಲಿಸ್ಟ್ ಆದ ಮೇಲೆ ಏಜೆಂಟ್ ಹಾಕಿದ ರೇಟೂ ಅದರ ಕಣ್ಣಿಗೆ ಬೀಳತ್ತೆ. ನಿನ್ನೆವರೆಗೂ 580 ಸಾವಿರ ಅಂತಿದ್ದದ್ದು, 640ಕ್ಕೆ ಲಿಸ್ಟ್ ಮಾಡಿದ ಮೇಲೆ 630ರ ಹತ್ರ ಬಂದು ಕೂತ್ಕೊಳ್ಳೋದು ಇಲ್ಲಿ ಮಾಮೂಲಿ, ಆಮೇಲೆ ಕೊಳ್ಳೋರು "ನೋಡಿ ಝಿಲೋನೂ ಅಷ್ಟೇ ಹೇಳ್ತಿದೆ" ಅಂತ ನಂಬ್ಕೊಂಡು ಆಫರ್ ಹಾಕ್ತಾರೆ! ಝಿಲೋ ಸಿಇಓ ಆಗಿದ್ದ ಸ್ಪೆನ್ಸರ್ ರಾಸ್ಕಾಫ್ ಅವರದ್ದೇ ಸಿಯಾಟಲ್ ಮನೆ 2016ರಲ್ಲಿ 10.5 ಲಕ್ಷ ಡಾಲರ್‌ಗೆ ಹೋಯ್ತು, ಝೆಸ್ಟಿಮೇಟ್ ತೋರಿಸ್ತಿದ್ದದ್ದು ಸುಮಾರು 17.5 ಲಕ್ಷ. ಕಂಪನಿ ಕಂಪ್ಯೂಟರ್ ಲೆಕ್ಕ ನಂಬ್ಕೊಂಡು ತಾನೇ ಮನೆ ಕೊಂಡು ಮಾರೋ ಬಿಸಿನೆಸ್ಸೂ ಮಾಡಿ ನೋಡ್ತು, ಒಂದೇ ಕ್ವಾರ್ಟರಲ್ಲಿ 30 ಕೋಟಿ ಡಾಲರ್‌ಗಿಂತ ಜಾಸ್ತಿ ನಷ್ಟ ಅಂತ ರೈಟ್ ಆಫ್ ಮಾಡಿ 2021 ನವೆಂಬರ್‌ನಲ್ಲಿ ಆ ಬಿಸಿನೆಸ್ ಮುಚ್ತೀವಿ ಅಂತ ಹೇಳ್ತು.

ಕ್ಯಾಲಿಫೋರ್ನಿಯಾದಿಂದ ಟೆಕ್ಸಾಸ್‌ಗೆ ಶಿಫ್ಟ್ ಆಗೋರು ಇದನ್ನ ಸ್ವಲ್ಪ ಗಮನಿಸಿ. ಟೆಕ್ಸಾಸಲ್ಲಿ ಮನೆ ಎಷ್ಟಕ್ಕೆ ಮಾರಾಟ ಆಯ್ತು ಅಂತ ಕೌಂಟಿಗೆ ಹೇಳಲೇಬೇಕು ಅನ್ನೋ ಕಾನೂನಿಲ್ಲ, ಹಾಗಾಗಿ ಸರ್ಕಾರಿ ರೆಕಾರ್ಡ್ ನಂಬ್ಕೊಂಡ ಲೆಕ್ಕ ಅಲ್ಲಿ ಇನ್ನೂ ಸಡಿಲ. ನಿಜವಾದ ಕ್ಲೋಸಿಂಗ್ ರೇಟ್ ಪೂರ್ತಿ ಸಿಗೋದು ಎಂಎಲ್ಎಸ್ ಅನ್ನೋ ಏಜೆಂಟ್‌ಗಳ ಡೇಟಾಬೇಸಲ್ಲಿ. ಹಾಗೇ ಕೌಂಟಿ ಟ್ಯಾಕ್ಸ್ ವ್ಯಾಲ್ಯೂನೂ ಮಾರ್ಕೆಟ್ ರೇಟ್ ಅಂದ್ಕೋಬೇಡಿ. ನಮ್ಮೂರಲ್ಲಿ ಗೈಡೆನ್ಸ್ ವ್ಯಾಲ್ಯೂ ಬೇರೆ ನಿಜವಾದ ರೇಟೇ ಬೇರೆ ಇರತ್ತಲ್ಲ, ಹಾಗೇ. ಕ್ಯಾಲಿಫೋರ್ನಿಯಾದಲ್ಲಂತೂ 1978ರ ಪ್ರಾಪ್ 13 ಅನ್ನೋ ಕಾನೂನಿನ ಪ್ರಕಾರ ಮನೆ ಕೈ ಬದಲಾಗೋವರೆಗೆ ಅದು ಸಾಮಾನ್ಯವಾಗಿ ವರ್ಷಕ್ಕೆ 2%ಗಿಂತ ಏರೋ ಹಾಗಿಲ್ಲ, ಹಳೇ ಓನರ್ ಮನೆಗೆ ಅದು ಏನೂ ಹೇಳಲ್ಲ.

ಹಾಗಾಗಿ ಏಜೆಂಟ್ ಹತ್ರ ಸಿಎಂಎ ಅನ್ನೋ ರೇಟ್ ಹೋಲಿಕೆ ರಿಪೋರ್ಟ್ ಕೇಳಿ, ಫ್ರೀಯಾಗಿ ಮಾಡ್ಕೊಡ್ತಾರೆ. ಕಳೆದ ಮೂರು ಆರು ತಿಂಗಳಲ್ಲಿ ಅದೇ ಸಬ್‌ಡಿವಿಷನ್, ಅದೇ ಸ್ಕೂಲ್ ಝೋನಲ್ಲಿ ಕ್ಲೋಸ್ ಆಗಿರೋ ಮನೆಗಳನ್ನ ಇಟ್ಕೊಂಡು ಹೋಲಿಸಿರ್ತಾರೆ. ಆದ್ರೆ ಏಜೆಂಟ್‌ಗಳೇನು ಹರಿಶ್ಚಂದ್ರರಲ್ಲ, ಲಿಸ್ಟಿಂಗ್ ಸಿಗಲಿ ಅಂತ ಮೊದಲು ಜಾಸ್ತಿ ರೇಟ್ ಹೇಳಿ ಆಮೇಲೆ ಇಳಿಸೋಣ ಅನ್ನೋರೂ ಇದಾರೆ, ಹಾಗಾಗಿ ಮೂರು ಜನರ ಹತ್ರ ಕೇಳಿ.

ಕೊನೆಗೆ ಲೋನ್ ಕೊಡೋ ಬ್ಯಾಂಕ್‌ಗೆ ಬೇಕಾಗೋದು ಲೈಸೆನ್ಸ್ ಇರೋ ಅಪ್ರೈಸರ್ (ಮನೆ ಬೆಲೆ ಕಟ್ಟೋರು) ಹೇಳಿದ ರೇಟ್, ನಿಮ್ಮ ಸ್ಕ್ರೀನ್‌ಶಾಟ್ ಅಲ್ಲ. 650 ಸಾವಿರಕ್ಕೆ ಕಾಂಟ್ರಾಕ್ಟ್ ಆಗಿ ಅಪ್ರೈಸಲ್ 620 ಬಂದ್ರೆ ಬ್ಯಾಂಕ್ 620 ಮೇಲೇ ಲೆಕ್ಕ ಹಾಕತ್ತೆ. ಉಳಿದ 30 ಸಾವಿರ ಕೈಯಿಂದ ಹಾಕ್ಬೇಕು, ಇಲ್ಲ ಸೆಲ್ಲರ್ ಇಳಿಸ್ಬೇಕು, ಇಲ್ಲ ಅಪ್ರೈಸಲ್ ಕಂಟಿಂಜೆನ್ಸಿ (ಅಪ್ರೈಸಲ್ ಕಡಿಮೆ ಬಂದ್ರೆ ಬಿಟ್ಟು ಬರಬಹುದು ಅನ್ನೋ ಷರತ್ತು) ಇದ್ರೆ ಅರ್ನೆಸ್ಟ್ ಮನಿ, ಅಂದ್ರೆ ಕೊಟ್ಟಿರೋ ಅಡ್ವಾನ್ಸ್, ವಾಪಸ್ ಇಸ್ಕೊಂಡು ಹೊರಗೆ ಬರ್ಬೇಕು. ಕಾಂಪಿಟಿಷನ್ ಇದೆ ಅಂತ ಆ ಕಂಟಿಂಜೆನ್ಸಿ ಬಿಟ್ಟುಕೊಡೋ ಮುಂಚೆ ಕೈಯಲ್ಲಿ ಅಷ್ಟು ಕ್ಯಾಶ್ ಇದೆಯಾ ನೋಡ್ಕೊಳ್ಳಿ.

ಮಾರೋ ಪ್ಲಾನ್ ಇರೋರು ಝಿಲೋದಲ್ಲಿ ನಿಮ್ಮ ಮನೆ ಪೇಜ್ ಕ್ಲೈಮ್ ಮಾಡಿ (ಓನರ್ ನಾನೇ ಅಂತ ತೋರಿಸಿ), ಬೆಡ್‌ರೂಮ್, ಬಾತ್‌ರೂಮ್, ಸ್ಕ್ವೇರ್ ಫೀಟ್ ಸರಿ ಇದೆಯಾ ಚೆಕ್ ಮಾಡಿ, ಎಷ್ಟೋ ಸಲ ತಪ್ಪು ಇರೋದೇ ಅಲ್ಲಿ.