ಮಾವಿನಹಣ್ಣಿನ ಹೋಳಿಗೆ, ಮಂಡ್ಯದ ಬೆಲ್ಲದಲ್ಲೇ

ರಸಪುರಿ ಮಾವಿನ ರಸಕ್ಕೆ ಬೆಲ್ಲ ಹಾಕಿ ಹೂರಣ ಮಾಡುತ್ತೇನೆ ಅಂದಾಗ ಮೈಸೂರಿನಲ್ಲಿ ಹೋಳಿಗೆ ಮಾಡಿ ಪಳಗಿದ ಕೈಗಳೆಲ್ಲ ಬೇಡ ಅಂದವು. ನೀರು ಬಿಡುತ್ತೆ, ಕನಕ (ಹೊರಗಿನ ಹಿಟ್ಟು) ಹರಿಯುತ್ತೆ, ಕಪ್ಪಾಗುತ್ತೆ, ಬಾದಾಮಿ ಮಾವು ತಂದು ಸಕ್ಕರೆ ಹಾಕಿ ಅಂದರು. ಈ ಮೇ ತಿಂಗಳಲ್ಲಿ ಸುಮಾರು 300 ಹೋಳಿಗೆ ಬೆಲ್ಲದಲ್ಲೇ ಮಾಡಿ ಕೊಟ್ಟಾಯಿತು. ಹೆಂಚಿನ ಮೇಲೆ ಹರಿದದ್ದು ಹತ್ತೂ ಇಲ್ಲ.

ಮೊದಲ ನಾಲ್ಕು ಸಲ ಕೆಟ್ಟಿದ್ದು ನಿಜ. ಸಾಮಾನು, ಗ್ಯಾಸು ಸೇರಿ ಸಾವಿರದಿನ್ನೂರು ರೂಪಾಯಿ ಹೋಗಿರಬೇಕು. ಒಂದು ಸಲ ರಸ, ರವೆ, ಬೆಲ್ಲ ಮೂರನ್ನೂ ಒಟ್ಟಿಗೆ ಒಲೆಗಿಟ್ಟದ್ದೇ ತಪ್ಪಾಯಿತು. ಕೇಸರಿಬಾತಿಗೆ ರವೆ ಬೇಯುವ ಮೊದಲೇ ಸಕ್ಕರೆ ಸುರಿದರೆ ಏನಾಗುತ್ತೋ ಇಲ್ಲೂ ಅದೇ. ನೀರನ್ನು ಬೆಲ್ಲ ಹಿಡಿದುಕೊಳ್ಳುತ್ತೆ, ರವೆ ಅರಳುವುದಿಲ್ಲ. ನೋಡೋಕೆ ಗಟ್ಟಿ ಹೂರಣ, ಉಂಡೆ ಕಟ್ಟಿದ ಅರ್ಧ ಗಂಟೆಗೆ ತಟ್ಟೆಯಲ್ಲಿ ಜಿನುಗು. ಇನ್ನೊಂದು ಸಲ ನಾಟಿ ಹಣ್ಣು. ಮಿಕ್ಸಿಗೆ ಹಾಕಿದರೂ ನಾರು ಹೋಗಲಿಲ್ಲ, ತಟ್ಟುವಾಗ ಕನಕವನ್ನೇ ಎಳೆದು ಸೀಳಿತು. ಮೂರನೆಯದು ಕಬ್ಬಿಣದ ಬಾಣಲೆಯಲ್ಲಿ ಕಪ್ಪಾಯಿತು. ಎಲ್ಲರೂ ಬೆಲ್ಲವನ್ನೇ ಬೈದರು. ಅದೇ ಬೆಲ್ಲ ಕಲಾಯಿ ಹಾಕಿದ ಹಿತ್ತಾಳೆ ಪಾತ್ರೆಯಲ್ಲಿ ಹೊಂಬಣ್ಣಕ್ಕೆ ಬಂತು. ಹುಳಿಯಿರುವ ರಸಕ್ಕೆ ಕಬ್ಬಿಣ ಆಗುವುದಿಲ್ಲ, ದಪ್ಪ ತಳದ ಸ್ಟೀಲ್ ಆದರೂ ಸರಿ. ನಾಲ್ಕನೆಯದಕ್ಕೆ ಭದ್ರವಾಗಲಿ ಅಂತ ಬೆಂದ ಕಡಲೆಬೇಳೆ ಸೇರಿಸಿದ್ದು. ಹರಿಯಲಿಲ್ಲ, ಆದರೆ ಮಾವಿನ ವಾಸನೆಯೇ ಸತ್ತು ಮಾಮೂಲಿ ಒಬ್ಬಟ್ಟಾಯಿತು.

ಈಗ ಮಾಡುವ ಅಳತೆ ಇದು. ರಸಪುರಿ 2 ಕೆಜಿ, ಹುಲ್ಲಿನಲ್ಲಿ ಅಡೆ ಹಾಕಿ ಹಣ್ಣಾದದ್ದು, ತೊಟ್ಟಿನ ಹತ್ತಿರ ಮೂಸಿದರೆ ಘಮ್ಮೆನ್ನಬೇಕು. ಬಲಿಯದ ಕಾಯಿ ಕಿತ್ತು ಬಣ್ಣ ಬರಿಸಿದ ಹಣ್ಣು ಒಳಗೆ ಹುಳಿ, ಬೆಲ್ಲ ಎಷ್ಟು ಸುರಿದರೂ ಹೊಂದುವುದಿಲ್ಲ. ಜರಡಿಯಲ್ಲಿ ಉಜ್ಜಿದರೆ ಹೆಚ್ಚುಕಡಿಮೆ 1,200 ಗ್ರಾಂ ರಸ. ಮೊದಲು ಬರೀ ರಸವನ್ನೇ ನಡುಉರಿಯಲ್ಲಿ ಅರ್ಧಕ್ಕೆ ಇಳಿಸಬೇಕು, 35–40 ನಿಮಿಷ ಹಿಡಿಯುತ್ತೆ. ಕೊನೆಯ ಹತ್ತು ನಿಮಿಷ ಕೈ ಮೇಲೆ ಸಿಡಿಯುತ್ತೆ, ಉದ್ದ ಹಿಡಿಯ ಸೌಟಿರಲಿ. ಸ್ಟೀಲ್ ತಟ್ಟೆಗೆ ಒಂದು ಚಮಚ ಹಾಕಿ ಓರೆ ಹಿಡಿಯಿರಿ. ಸುತ್ತ ನೀರಿನ ಉಂಗುರ ಬಂದರೆ ಇನ್ನೂ ಆಗಿಲ್ಲ. ಇದನ್ನು ನೋಡದೆ ಮುಂದೆ ಹೋಗಬೇಡಿ.

ಆಮೇಲೆ ತುಪ್ಪದಲ್ಲಿ ಹುರಿದ ಚಿರೋಟಿ ರವೆ 200 ಗ್ರಾಂ ಉದುರಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಆರೇಳು ನಿಮಿಷ. ರವೆ ಬೆರಳಲ್ಲಿ ನುರಿಯುವಷ್ಟು ಬೆಂದ ಮೇಲೆ ಬೆಲ್ಲದ ಸರದಿ. 300 ಗ್ರಾಂ ಬೆಲ್ಲಕ್ಕೆ ಅರ್ಧ ಲೋಟ ನೀರು ಸಾಕು, ಕರಗಿಸಿ ಸೋಸಿ ಹಾಕಿ. ಬೆಲ್ಲ ಕೊಳ್ಳುವಾಗ ಒಂದು ಚೂರು ಬಾಯಿಗೆ ಹಾಕಿ ನೋಡಿ. ಉಪ್ಪುಪ್ಪಾಗಿದ್ದರೆ ಬೇಡ, ತೀರ ಕಪ್ಪಿದ್ದರೆ ಮಾವನ್ನೇ ಮುಚ್ಚಿಬಿಡುತ್ತೆ, ಬಿಳಿಚಿಕೊಂಡಿದ್ದರೆ ಬಣ್ಣ ಬಿಳುಪಾಗಿಸುವ ಹೈಡ್ರೋಸ್ ಎಂಬ ರಾಸಾಯನಿಕ ಹಾಕಿರುವ ಅನುಮಾನ. ಆಲೆಮನೆಯಿಂದ ಬಂದ ಕೆಂಪು ಹೊಂಬಣ್ಣದ ಅಚ್ಚು ಬೆಲ್ಲವೇ ನನಗೆ ಸರಿ. ಏಲಕ್ಕಿ ಹಾಕುವುದಿಲ್ಲ, ಒಂದು ಚಿಟಿಕೆ ಉಪ್ಪು ಮಾತ್ರ. ಕೊನೆಯಲ್ಲಿ ಒಂದು ಚಮಚ ಇನ್ನೊಂದು ಪುಡಿ ಬೀಳುತ್ತೆ, ಅದು ನನ್ನ ಹತ್ತಿರವೇ ಇರಲಿ.

ಹೂರಣ ಇನ್ನೂ ಸ್ವಲ್ಪ ಸಡಿಲ ಇರುವಾಗಲೇ ಇಳಿಸಿ, ಆರುತ್ತ ಆರುತ್ತ ರವೆ ಬಿಗಿಯುತ್ತೆ. ಒಲೆ ಮೇಲೇ ಗಟ್ಟಿ ಮಾಡಿದರೆ ಮಾರನೆಯ ದಿನ ಪುಡಿಪುಡಿ. ಪೂರ್ತಿ ಆರಿದ ಮೇಲೆ 40 ಗ್ರಾಮಿನ ಉಂಡೆ. ಕನಕ ಎಂದಿನಂತೆ, ಎಣ್ಣೆಯಲ್ಲಿ ಮೂರು ಗಂಟೆ ನೆನೆಯಲಿ, ಉಂಡೆಯ ಅರ್ಧದಷ್ಟೇ ಹಿಡಿಯಿರಿ. ಹೆಂಚು ಬೇಳೆ ಹೋಳಿಗೆಗಿಂತ ಒಂದು ಮಟ್ಟ ತಣ್ಣಗಿರಲಿ, ಇದು ಬೇಗ ಸೀಯುತ್ತೆ.

25 ಹೋಳಿಗೆಗೆ ನನ್ನ ಲೆಕ್ಕ: ಹಣ್ಣು 160, ಬೆಲ್ಲ 20, ರವೆ ಮೈದಾ 30, ಎಣ್ಣೆ ತುಪ್ಪ 60, ಗ್ಯಾಸು 20. ಒಂದಕ್ಕೆ 12 ರೂಪಾಯಿಯೊಳಗೆ ಬಿತ್ತು, ಒಂದನ್ನು 25 ರೂಪಾಯಿಗೆ ಕೊಟ್ಟೆ. ಬಾದಾಮಿಯಲ್ಲಿ ಮಾಡಿದ್ದರೆ ಹಣ್ಣಿಗೇ ಇನ್ನೂ ನೂರು ಸೇರುತ್ತಿತ್ತು.

ವಾಟೆ, ಸಿಪ್ಪೆ ಎಸೆಯಬೇಡಿ. ಒಂದು ಲೀಟರ್ ನೀರಲ್ಲಿ ಚೆನ್ನಾಗಿ ಹಿಚುಕಿ, ಸಿಪ್ಪೆ ತೆಗೆದುಹಾಕಿ, ಅದು ಕುದಿದರೆ ಒಗರು ಬಿಡುತ್ತೆ. ವಾಟೆ ಇರಲಿ. ನೆಲ್ಲಿಕಾಯಿ ಗಾತ್ರ ಹುಣಸೆಹಣ್ಣಿನ ರಸ, ಎರಡು ಚಮಚ ಸಾರಿನ ಪುಡಿ, ಉಪ್ಪು ಹಾಕಿ ಎರಡು ಕುದಿ, ಮೇಲೆ ಇಂಗು ಸಾಸಿವೆ ಒಗ್ಗರಣೆ. ಅನ್ನಕ್ಕೆ ಇದರಷ್ಟು ಒಳ್ಳೆಯ ಸಾರು ಬೇಸಿಗೆಯಲ್ಲಿ ಇನ್ನೊಂದಿಲ್ಲ.

ಹೋಳಿಗೆ ಆರ್ಡರ್ ಜೊತೆ ಮಾವಿನಕಾಯಿ ಚಿತ್ರಾನ್ನವನ್ನೂ ಕೇಳಿದರು. 1 ಕೆಜಿ ಸೋನಾ ಮಸೂರಿಗೆ ಹುಳಿ ಮಾವಿನಕಾಯಿ ತುರಿ 400 ಗ್ರಾಂ, ತೋತಾಪುರಿಯಾದರೆ 600. ಒಂದು ತೆಂಗಿನಕಾಯಿ ತುರಿ, 15 ಬ್ಯಾಡಗಿ, ಇಂಗು, ಅರಿಶಿನ ತರಿಯಾಗಿ ರುಬ್ಬಿ. ಎರಡು ಚಮಚ ಸಾಸಿವೆಯನ್ನು ಬೇರೆ ಪುಡಿ ಮಾಡಿ ಕೊನೆಗೆ ಒಂದೇ ಸುತ್ತು. ನೀರಿನ ಜೊತೆ ಹೆಚ್ಚು ಹೊತ್ತು ಅರೆದರೆ ಕಹಿ. ಮಾವಿನ ತುರಿ ಅರ್ಧ ಒಗ್ಗರಣೆಯಲ್ಲಿ ಹಸಿ ವಾಸನೆ ಹೋಗುವಷ್ಟು ಬಾಡಲಿ, ಉಳಿದರ್ಧ ಒಲೆ ಆರಿಸಿದ ಮೇಲೆ. ಮಾವಿನ ತುರಿಯನ್ನೆಲ್ಲ ತೆಂಗಿನಕಾಯಿ ಜೊತೆ ರುಬ್ಬಿದ ದಿನ ಅನ್ನ ಮುದ್ದೆಯಾಯಿತು.

ಸೀಸನ್ ಕೊನೆಗೆ ಮಲ್ಲಿಕಾ ಹಣ್ಣಿನಲ್ಲೂ ಒಂದು ಸಲ ಹೂರಣ ಮಾಡಿ ನೋಡಿದೆ. ರಸವೇ ಗಟ್ಟಿ, 25 ನಿಮಿಷಕ್ಕೆ ಇಳಿಯಿತು. ಬೆಲ್ಲ 300 ಹಾಕಿದ್ದು ಸಿಹಿ ಹೆಚ್ಚಾಯಿತು, 220 ಸಾಕು. ರವೆ ಕೂಡ 30 ಗ್ರಾಂ ಕಡಿಮೆ ಮಾಡಿಕೊಳ್ಳಿ.