ಅಮೆರಿಕದ ಶಾಲೆಯಲ್ಲಿ ಸ್ಪೆಷಲ್ ಎಜುಕೇಶನ್: ಕೇಳೋಕೆ ಸಂಕೋಚ ಬೇಡ

"ನಾವು ವೀಸಾ ಮೇಲೆ ಬಂದವರು. ಇವರ ತೆರಿಗೆ ದುಡ್ಡಲ್ಲಿ ನಮ್ಮ ಮಗುಗೆ ಥೆರಪಿ ಕೇಳೋದು ಸರೀನಾ?" ಪಾರ್ಕಿನಲ್ಲಿ ಸಿಕ್ಕ ತಾಯಿಯೊಬ್ಬರು ಕೇಳಿದರು. ಮಗನಿಗೆ ಮೂರೂವರೆ ವರ್ಷ, ಇನ್ನೂ ಎರಡು ಪದ ಸೇರಿಸಿ ಮಾತಾಡುತ್ತಿಲ್ಲ. ಊರಿನಿಂದ ಅಜ್ಜಿ "ಅವರಪ್ಪನೂ ತಡವಾಗೇ ಮಾತಾಡಿದ್ದು, ಸುಮ್ನೆ ಗಾಬರಿ ಆಗ್ಬೇಡಿ" ಅನ್ನುತ್ತಾರಂತೆ.

ಸರಿ, ನೂರಕ್ಕೆ ನೂರು ಸರಿ. ವಿಕಲತೆ ಇರುವ ಮಕ್ಕಳಿಗೆ ಶಾಲೆ ಕೊಡುವ ಥೆರಪಿ, ವಿಶೇಷ ಪಾಠಕ್ಕೇ ಸ್ಪೆಷಲ್ ಎಜುಕೇಶನ್ ಅನ್ನುವುದು. ಅದಕ್ಕೆ ಹೋಗುವ ತೆರಿಗೆ ದುಡ್ಡಿನಲ್ಲಿ ನಿಮ್ಮದೂ ಇದೆ. ಇಲ್ಲಿನ ಸರ್ಕಾರಿ ಶಾಲೆಗಳ ಖರ್ಚಿನ ದೊಡ್ಡ ಪಾಲು ರಾಜ್ಯ ಮತ್ತು ಸ್ಥಳೀಯ ತೆರಿಗೆಯಿಂದ ಬರುತ್ತದೆ, ಅದರಲ್ಲೂ ಮನೆ ತೆರಿಗೆಯಿಂದ. ನೀವು ಬಾಡಿಗೆ ಮನೆಯಲ್ಲಿದ್ದರೂ ಮಾಲೀಕ ಆ ತೆರಿಗೆಯನ್ನು ಬಾಡಿಗೆಯಲ್ಲೇ ಸೇರಿಸಿರುತ್ತಾನೆ, ಅಲ್ವಾ?

1970ರಲ್ಲಿ ಈ ದೇಶದ ಶಾಲೆಗಳು ವಿಕಲತೆ ಇರುವ ಐದು ಮಕ್ಕಳಲ್ಲಿ ಒಂದಕ್ಕೆ ಮಾತ್ರ ಪಾಠ ಹೇಳುತ್ತಿದ್ದವು. ಕಿವುಡ ಮಕ್ಕಳನ್ನು, ಕುರುಡ ಮಕ್ಕಳನ್ನು ಶಾಲೆಯಿಂದ ಹೊರಗಿಡಲು ಕೆಲವು ರಾಜ್ಯಗಳಲ್ಲಿ ಕಾನೂನೇ ಇತ್ತು. ತಂದೆತಾಯಿಗಳು ಕೋರ್ಟು ಹತ್ತಿದರು. 1975ರಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್, ಇಂಥ ಮಕ್ಕಳಿಗೂ ಶಾಲೆಗಳು ಉಚಿತವಾಗಿ ಪಾಠ ಹೇಳಲೇಬೇಕು ಎನ್ನುವ ಕಾನೂನಿಗೆ ಸಹಿ ಹಾಕಿದರು. ಅದಕ್ಕೇ ಈಗ 'ಐಡಿಇಎ' ಅನ್ನುತ್ತಾರೆ. ಆಗ ಕೇಂದ್ರ ಸರ್ಕಾರ, ಒಬ್ಬ ವಿದ್ಯಾರ್ಥಿಗೆ ದೇಶದಲ್ಲಿ ಸರಾಸರಿ ಆಗುವ ಖರ್ಚಿನ 40% ತನಕ ಇಂಥ ಪ್ರತಿ ಮಗುವಿಗೂ ಕೊಡುತ್ತೇವೆ ಎಂದಿತ್ತು. ಇವತ್ತಿನವರೆಗೂ ಅಷ್ಟು ಕೊಟ್ಟಿಲ್ಲ. ಹೊರೆ ಬೀಳುವುದು ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್ ಮೇಲೆ. ಶಾಲೆಯವರ "ಸ್ವಲ್ಪ ಕಾಯೋಣ" ಅನ್ನೋ ಮಾತು ಎಷ್ಟೋ ಸಲ ಹುಟ್ಟುವುದು ಇಲ್ಲಿಂದಲೇ. ಹಾಗಂತ ದುಡ್ಡಿಲ್ಲ ಎಂದು ಮಗುವಿಗೆ ಬೇಕಾದ ಸೇವೆಯನ್ನು ನಿರಾಕರಿಸುವಂತಿಲ್ಲ.

ಮೂರು ವರ್ಷ ತುಂಬದ ಮಗುವಿಗೆ ರಾಜ್ಯದ 'ಅರ್ಲಿ ಇಂಟರ್ವೆನ್ಶನ್' ಇದೆ, ಅಂದರೆ ಪುಟ್ಟ ಮಕ್ಕಳಿಗೆ ಬೇಗನೆ ನೆರವು ಕೊಡುವ ಯೋಜನೆ. ಥೆರಪಿಸ್ಟ್ ಸಾಮಾನ್ಯವಾಗಿ ಮನೆಗೇ ಬರುತ್ತಾರೆ. ಕೆಲವು ರಾಜ್ಯಗಳು ಆದಾಯ ನೋಡಿ ಫೀಸು ಕೇಳುತ್ತವೆ. ಮೂರು ತುಂಬಿದ ಮೇಲೆ ಜವಾಬ್ದಾರಿ ಸ್ಕೂಲ್ ಡಿಸ್ಟ್ರಿಕ್ಟಿನದು, ಮಗು ಇನ್ನೂ ಶಾಲೆಗೆ ಸೇರದಿದ್ದರೂ. ಪೂರ್ತಿ ಉಚಿತ. ನಿಮ್ಮ ವೀಸಾ ಯಾವುದು ಅನ್ನುವುದು ಲೆಕ್ಕಕ್ಕಿಲ್ಲ.

ಮಗುವಿನ ಬಗ್ಗೆ ಚಿಂತೆಯಿದ್ದರೆ ಶಾಲೆಗೆ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ನಾನು ಆ ತಪ್ಪು ಮಾಡಿದೆ. ಸೆಪ್ಟೆಂಬರಿನಲ್ಲಿ ಮಗಳನ್ನು ಕರೆದುಕೊಂಡು ಬರುವಾಗ ಶಾಲೆಯ ಬಾಗಿಲಲ್ಲೇ ಟೀಚರಿಗೆ ಹೇಳಿದ್ದೆ. ಜನವರಿಯಲ್ಲಿ ಕೇಳಿದರೆ ಎಲ್ಲೂ ದಾಖಲಾಗಿಲ್ಲ. ಅವತ್ತು ರಾತ್ರಿ ಇಮೇಲ್ ಬರೆದೆ: "ನನ್ನ ಮಗಳಿಗೆ ಸ್ಪೆಷಲ್ ಎಜುಕೇಶನ್ ಮೌಲ್ಯಮಾಪನ ಬೇಕು. ಮಾತು ಮತ್ತು ಗಮನದ ಬಗ್ಗೆ ಚಿಂತೆಯಿದೆ. ಒಪ್ಪಿಗೆ ಫಾರ್ಮ್ ಕಳಿಸಿ." ಮೂರೇ ಸಾಲು. ಆ ಫಾರ್ಮಿಗೆ ನೀವು ಸಹಿ ಹಾಕಿದ ದಿನದಿಂದ ಗಡುವು ಶುರು. ಕೇಂದ್ರದ ನಿಯಮ 60 ದಿನ. ಕೆಲವು ರಾಜ್ಯಗಳಿಗೆ ತಮ್ಮದೇ ಗಡುವಿದೆ.

ಮಗುವಿಗೆ ಸೇವೆ ಬೇಕು ಅಂತಾದರೆ ಆಮೇಲೆ ಐಇಪಿ ಸಭೆ. ಐಇಪಿ ಅಂದರೆ ಆ ಮಗುವಿಗಾಗಿಯೇ ಬರೆಯುವ ಕಲಿಕೆಯ ಯೋಜನೆ. ಮೇಜಿನ ಸುತ್ತ ಐದಾರು ಜನ, ಎಲ್ಲರ ಮುಂದೆ ಲ್ಯಾಪ್‌ಟಾಪು, ಬಾಯಿ ತುಂಬಾ ಅಂಕಿಗಳು. ನನಗೆ ಗಂಟಲು ಒಣಗಿತ್ತು. ಆದರೆ ಕಾನೂನಿನ ಪ್ರಕಾರ ತಂದೆತಾಯಿ ಆ ತಂಡದ ಸದಸ್ಯರು, ಅತಿಥಿಗಳಲ್ಲ. ಇಂಗ್ಲಿಷ್ ಕಷ್ಟವಾದರೆ ಕನ್ನಡ ದುಭಾಷಿ ಬೇಕು ಅಂತ ಮೊದಲೇ ಕೇಳಿ, ಏರ್ಪಾಡು ಮಾಡುವುದು ಅವರ ಕೆಲಸ. ಮೇಜಿನಲ್ಲೇ ಸಹಿ ಹಾಕಬೇಕಿಲ್ಲ, ಮನೆಗೆ ತಂದು ಓದಿ. ಮೌಲ್ಯಮಾಪನ ಒಪ್ಪಿಗೆಯಾಗದಿದ್ದರೆ ಹೊರಗಿನ ತಜ್ಞರಿಂದ ಇನ್ನೊಂದು ಮಾಡಿಸಿ ಅಂತ ಕೇಳಬಹುದು. ಡಿಸ್ಟ್ರಿಕ್ಟ್ ಅದರ ಖರ್ಚು ಕೊಡಬೇಕು, ಇಲ್ಲವೇ ತನ್ನದೇ ಸರಿ ಎಂದು ವಿಚಾರಣೆಯಲ್ಲಿ ತೋರಿಸಬೇಕು.

"ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ" ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ಅಜ್ಜಿಯ ಜೊತೆ ಮಾತಾಡುವ ಭಾಷೆಯನ್ನೂ ಕಿತ್ತುಕೊಂಡರೆ ಆ ಮಗುವಿಗೆ ಉಳಿಯುವುದೇನು?

ಮಕ್ಕಳಿಲ್ಲದವರೂ ಇದಕ್ಕೆ ತೆರಿಗೆ ಕಟ್ಟುತ್ತಾರೆ, ನಿಜ. ಶಾಲೆಯ ಫುಟ್‌ಬಾಲ್ ಮೈದಾನಕ್ಕೂ ಅವರೇ ಕಟ್ಟುತ್ತಾರೆ. ಒಂದು ಮಗು ಮಾತು ಕಲಿಯುವುದು ಅದಕ್ಕಿಂತ ಕಡಿಮೆಯದ್ದು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಕೆಲಸ ಬದಲಾಗಿ ಬೇರೆ ರಾಜ್ಯಕ್ಕೆ ಹೋದರೆ ಐಇಪಿ ಪ್ರತಿ ಕೈಚೀಲದಲ್ಲೇ ಇರಲಿ. ಹೊಸ ಶಾಲೆ ತನ್ನ ಯೋಜನೆ ಮಾಡುವ ತನಕ ಅದಕ್ಕೆ ಸರಿಸಮನಾದ ಸೇವೆ ಕೊಡಬೇಕು. ಬೆಂಗಳೂರಿಗೆ ವಾಪಸ್ ಹೋಗುವವರೂ ಆ ಫೈಲನ್ನು ಮೂವರ್ಸ್ ಡಬ್ಬಕ್ಕೆ ಹಾಕಬೇಡಿ. ಅಲ್ಲಿನ ಥೆರಪಿಸ್ಟ್ ಮೊದಲ ದಿನ ಕೇಳುವುದೇ ಅದನ್ನು.